ಆಟದ ಗಣಕಯಂತ್ರಕ್ಕೆ ಹೊಂದುವ ಭಾಗಗಳು

ಬಿಡಿಭಾಗಗಳನ್ನು ಕೊಂಡು ತಾವೇ ಜೋಡಿಸಿಕೊಳ್ಳುವ ಆಟದ ಗಣಕಯಂತ್ರದ ಹುಚ್ಚು ನಮ್ಮ ಹುಡುಗರಿಗೆ ಹಿಡಿದಿರುವುದು ಸರಿಯಷ್ಟೆ. ಇದನ್ನು ಕಂಡು ಪೋಷಕರು ಸಿಡಿಮಿಡಿಗೊಳ್ಳುವುದೂ ಸಹಜವೇ. ಹುಡುಗರು ಆಟಕ್ಕೆ ಹಣ ಸುರಿಯುತ್ತಾರೆಂದು ನಾವು ದೂರುವುದಿಲ್ಲ. ಒಂದಕ್ಕೊಂದು ಹೊಂದದ ಭಾಗಗಳಿಗೆ ಸುರಿಯುತ್ತಾರೆಂಬುದೇ ನಮ್ಮ ಆಕ್ಷೇಪ.

ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು, ಸತ್ಯಮಂಗಲದ ಮೇಲೆ ಕೊಯಮತ್ತೂರಿಗೆ ಹೋಗಿ ಸಾಮಾನು ತರುವವರುಂಟು. ನಾವೂ ಹಾಗೆ ಹೋದವರೇ. ಮೊದಲ ಸಲ ಡಿಡಿಆರ್ 4 ಮೆಮೊರಿ ಕೊಂಡು ತಂದೆವು. ಮನೆಯಲ್ಲಿದ್ದ ಮದರ್‌ಬೋರ್ಡು ಡಿಡಿಆರ್ 5ರದು! ಎರಡಕ್ಕೂ 288 ಪಿನ್ನುಗಳೇ. ಆದರೆ ನಡುವಿನ ಕಚ್ಚು ಇರುವ ಜಾಗ ಬೇರೆ. ಒತ್ತಿದರೆ ಮುರಿದೀತೇ ಹೊರತು ಕೂರದು. ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಮತ್ತೆ 27 ತಿರುವು, ಮತ್ತೆ ಬಸ್ ಚಾರ್ಜು. ಮನೆಯಲ್ಲಿ ತಿಂದ ಬೈಗುಳ ಲೆಕ್ಕಕ್ಕಿಲ್ಲ.

ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ದುಡಿಯುವ ಬಂಧುಗಳಿರುವವರಿಗೆ ಈ ಮಾತು ಬೇಗ ಅರ್ಥವಾದೀತು. ಹೆಣಿಗೆಯಂತ್ರದ ಗೇಜ್ ಎಂದರೆ ಅಂಗುಲಕ್ಕೆ ಎಷ್ಟು ಸೂಜಿಗಳೆಂಬ ಲೆಕ್ಕ. ಸೂಜಿ ಒತ್ತಾಗಿರುವ ಯಂತ್ರಕ್ಕೆ ದಪ್ಪ ನೂಲು ಕೊಟ್ಟರೆ ನೂಲು ಹರಿಯುತ್ತದೆ, ಸೂಜಿಯೂ ಮುರಿಯುತ್ತದೆ. ನೂಲು ಒಳ್ಳೆಯದೇ, ಯಂತ್ರವೂ ಒಳ್ಳೆಯದೇ. ಜೋಡಿ ತಪ್ಪಿತು, ಅಷ್ಟೆ.

ಗಣಕಯಂತ್ರದಲ್ಲಿಯೂ ಮೊದಲು ನೋಡಬೇಕಾದದ್ದು ಪ್ರೊಸೆಸರು ಕೂರುವ ಸಾಕೆಟ್ಟು. 2022ರಲ್ಲಿ ಬಂದ ಎಎಂಡಿಯ ಎಎಂ5 ಸಾಕೆಟ್ಟಿಗೆ ಡಿಡಿಆರ್ 5 ಮೆಮೊರಿಯೇ ಬೇಕು. 2021ರಲ್ಲಿ ಬಂದ ಇಂಟೆಲ್ 12ನೆಯ ಪೀಳಿಗೆಯಲ್ಲಾದರೋ ಕೆಲವು ಬೋರ್ಡುಗಳು ಡಿಡಿಆರ್ 4ರವು, ಕೆಲವು ಡಿಡಿಆರ್ 5ರವು. ಸಾಕೆಟ್ಟು ಒಂದೇ ಆದರೂ ಹಳೆಯ ಬೋರ್ಡಿನ ಬಯಾಸ್ ಹೊಸ ಪ್ರೊಸೆಸರನ್ನು ಗುರುತಿಸದಿರಬಹುದು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಅದರಲ್ಲಿ ಚಿತ್ರ ತೋರಿಸುವ ಶಕ್ತಿಯಿಲ್ಲ. ಗ್ರಾಫಿಕ್ಸ್ ಕಾರ್ಡಿಲ್ಲದೆ ಪರದೆ ಕಪ್ಪಾಗಿಯೇ ಇರುತ್ತದೆ. ಕ್ಯಾಬಿನೆಟ್ಟಿನ ಅಳತೆಯನ್ನೂ ಮರೆಯಬಾರದು: ಎಟಿಎಕ್ಸ್ ಬೋರ್ಡು 305 ಮತ್ತು 244 ಮಿಲಿಮೀಟರ್ ಅಳತೆಯದು, ಸಣ್ಣ ಪೆಟ್ಟಿಗೆಗೆ ಹಿಡಿಸದು.

ಎಲ್ಲಕ್ಕಿಂತ ಹೆಚ್ಚು ಅಸಡ್ಡೆಗೆ ಒಳಗಾಗುವುದು ವಿದ್ಯುತ್ ಪೂರೈಸುವ ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡಿಗೇ ಅರ್ಧ ಹಣ ತೆತ್ತು, ಕೊನೆಗುಳಿದ ಚಿಲ್ಲರೆಯಲ್ಲಿ ಹೆಸರಿಲ್ಲದ ಪವರ್ ಸಪ್ಲೈ ತರುವವರನ್ನು ಕಂಡಿದ್ದೇವೆ. ಎನ್ವಿಡಿಯಾದ ಆರ್‌ಟಿಎಕ್ಸ್ 4060 ಕಾರ್ಡು ಬಳಸುವುದು 115 ವ್ಯಾಟ್ ಮಾತ್ರ. ಆದರೂ ಇಡೀ ಯಂತ್ರಕ್ಕೆ 550 ವ್ಯಾಟಿನ ಪವರ್ ಸಪ್ಲೈ ಇರಲೆಂದು ಕಂಪನಿಯೇ ಹೇಳುತ್ತದೆ. ಅಗ್ಗದ ಮಾಲಿನ ಮೇಲೆ 500 ಎಂದು ಅಚ್ಚು ಹಾಕಿದ ಮಾತ್ರಕ್ಕೆ ಅಷ್ಟು ಕೊಡುತ್ತದೆಂದು ನಂಬುವುದು ಹೇಗೆ? ಕೆಟ್ಟಾಗ ಒಮ್ಮೊಮ್ಮೆ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಏಳೂವರೆ ಅಶ್ವಶಕ್ತಿ ಬೇಡುವ ಪಂಪಿಗೆ ಐದರ ಮೋಟಾರು ಕಟ್ಟಿದರೆ ಸುಟ್ಟುಹೋಗುತ್ತದೆಂದು ಕೊಯಮತ್ತೂರು ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಹುಡುಗರಿಗೆ ಮಾತ್ರ ಬಣ್ಣದ ದೀಪದ ಫ್ಯಾನುಗಳ ಮೇಲೆಯೇ ಕಣ್ಣು!

ಆದುದರಿಂದ ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಸಾಕೆಟ್ಟು, ಮೆಮೊರಿಯ ಜಾತಿ, ವ್ಯಾಟು, ಕಾರ್ಡಿನ ಉದ್ದ ಇವನ್ನೆಲ್ಲ ಮಗನೋ ಮಗಳೋ ಚೀಟಿಯಲ್ಲಿ ಬರೆದು ತಂದು, ಯಾವುದಕ್ಕೆ ಯಾವುದು ಏಕೆ ಹೊಂದುತ್ತದೆಂದು ವಿವರಿಸುವವರೆಗೆ ಹಣ ಬಿಚ್ಚಬೇಡಿ. ವಿವರಿಸಿದ ಮೇಲೆ ಮಾತ್ರ, 'ಆಟಕ್ಕೆ ತಾನೇ' ಎಂದು ಹೀಗಳೆಯಬೇಡಿ. ಅಂದು ತಂದ ಮೆಮೊರಿ ಇನ್ನೂ ನಮ್ಮ ಮೇಜಿನಲ್ಲಿದೆ. ಡಿಡಿಆರ್ 4 ಬೋರ್ಡಿರುವ ವಿದ್ಯಾರ್ಥಿ ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇವೆ.