ಒಂದು ವರ್ಷದ ಇಂಗ್ಲಿಷ್, ಎರಡು ಗಂಟೆಯ ಮಾತು

ಸರ್ಕಾರಿ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಮುಗಿಸುತ್ತಿದ್ದ ಬಾಲಕಿಯೊಬ್ಬಳ ಇಂಗ್ಲಿಷ್ ನೋಟ್‌ಬುಕ್ಕನ್ನು ನೋಡುವ ಅವಕಾಶ ಈಚೆಗೆ ಒದಗಿತು. ಮುತ್ತು ಪೋಣಿಸಿದಂಥ ಅಕ್ಷರ. ಹುಡುಕಿದರೂ ತಪ್ಪು ಸಿಗಲಿಲ್ಲ. ಪ್ರತಿ ಪಾಠದ ಕೊನೆಗೂ ಕೆಂಪು ಶಾಯಿಯ ಸಹಿ. ಒಂದು ಉತ್ತರವನ್ನು ಓದಲು ಹೇಳಿದಾಗ ಸರಾಗವಾಗಿ ಓದಿದಳು. ಅದರ ಅರ್ಥವೇನಮ್ಮ ಎಂದು ಕೇಳಿದೆ. ಆಕೆ ಒಂದಿಷ್ಟೂ ಅಳುಕದೆ, ‘ಅದು ಮೂರನೇ ಪ್ರಶ್ನೆಯ ಉತ್ತರ ಸರ್’ ಎಂದಳು.

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ವರ್ಷವಿಡೀ ಅವಳಿಗೆ ಕಲಿಸಿದ್ದೇ ಅದು.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್ 2007ರಲ್ಲಿ ಒಂದನೇ ತರಗತಿಗೆ ಇಳಿಯಿತು. 1994ರ ಭಾಷಾ ನೀತಿಯ ಆದೇಶ, ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಲಾಗದು ಎಂದ ಸುಪ್ರೀಂ ಕೋರ್ಟಿನ 2014ರ ತೀರ್ಪು, ಸರ್ಕಾರಿ ಶಾಲೆಗಳಲ್ಲಿಯೇ 2019ರಲ್ಲಿ ತೆರೆದ ಇಂಗ್ಲಿಷ್ ಮಾಧ್ಯಮ ವಿಭಾಗಗಳು, ಹೀಗೆ ನಮ್ಮ ವಾಗ್ವಾದವೆಲ್ಲ ಮಾಧ್ಯಮದ ಸುತ್ತಲೇ ನಡೆದಿದೆ. ಆ ವಾಗ್ವಾದ ಅನಗತ್ಯವೆಂದು ಈ ಲೇಖಕ ಹೇಳಲಾರ. ಆದರೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಆ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಎರಡೂ ಪಕ್ಷದವರು ಕೇಳುವುದನ್ನೇ ಮರೆತಿದ್ದಾರೆ.

ಒಂದು ಸರಳ ಲೆಕ್ಕ ಹಾಕೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ಕೆಲಸದ ದಿನಗಳು; ಮೂವತ್ತೈದು ಮಕ್ಕಳಿಗೊಬ್ಬ ಶಿಕ್ಷಕ. ದಿನಕ್ಕೊಂದು ಪೀರಿಯಡ್ ತಪ್ಪದೆ ನಡೆಯಿತೆಂದೇ ಇಟ್ಟುಕೊಳ್ಳಿ. ಮೇಷ್ಟರು ಅರ್ಧ ಹೊತ್ತು ಮಾತ್ರ ಮಾತಾಡಿ, ಉಳಿದ ಇಪ್ಪತ್ತು ನಿಮಿಷವನ್ನು ಮಕ್ಕಳಿಗೆ ಒಬ್ಬೊಬ್ಬರಂತೆ ಬಿಟ್ಟುಕೊಟ್ಟರೆಂದೂ ಭಾವಿಸೋಣ. ಆಗ ಒಂದು ಮಗುವಿನ ಪಾಲಿಗೆ ಬರುವುದು ದಿನಕ್ಕೆ ಮೂವತ್ತನಾಲ್ಕು ಸೆಕೆಂಡು, ಇಡೀ ವರ್ಷಕ್ಕೆ ಎರಡು ಗಂಟೆ ಚಿಲ್ಲರೆ. ಇದು ಆದರ್ಶ ಶಾಲೆಯ ಲೆಕ್ಕ. ವಾಸ್ತವದಲ್ಲಿ ಮಗು ಬಾಯಿ ತೆರೆಯುವುದು ‘ಯೆಸ್ ಸರ್’, ‘ಪ್ರೆಸೆಂಟ್ ಮಿಸ್’ ಎನ್ನುವುದಕ್ಕೆ.

ಹಾಗಾದರೆ ಮಕ್ಕಳು ಏನನ್ನೂ ಕಲಿಯುವುದಿಲ್ಲವೇ? ಕಲಿಯುತ್ತಾರೆ. ಅಚ್ಚುಕಟ್ಟಾಗಿ ನಕಲು ಮಾಡುವುದನ್ನು, ಪದಗಳ ಕನ್ನಡ ಅರ್ಥವನ್ನು, ಪದ್ಯಗಳನ್ನು ಬಾಯಿಪಾಠ ಮಾಡುವುದನ್ನು. ರಜಾ ಅರ್ಜಿಯನ್ನಂತೂ ಕಲಿತೇ ಕಲಿಯುತ್ತಾರೆ. ಆ ಅರ್ಜಿಯಲ್ಲಿ ಎಲ್ಲ ಮಕ್ಕಳಿಗೂ ಜ್ವರ. ಅಜ್ಜಿ ಊರಿನ ಜಾತ್ರೆಗೆ, ಅಕ್ಕನ ಮದುವೆಗೆ, ರಾಗಿ ಕಟಾವಿಗೆ ಹೋದವರಿಗೂ ಇಂಗ್ಲಿಷಿನಲ್ಲಿ ಜ್ವರವೇ ಬರಬೇಕು, ಏಕೆಂದರೆ ಮಾದರಿಯಲ್ಲಿ ಇರುವುದು ಅದೊಂದೇ ಕಾರಣ. ತನ್ನ ಬದುಕಿನ ಒಂದು ನಿಜವನ್ನು ಹೇಳಲು ಒದಗದ ಭಾಷೆ ಮಗುವಿಗೆ ತನ್ನದೆನಿಸುವುದಾದರೂ ಹೇಗೆ?

ಆ ಬಾಲಕಿಯ ನೋಟ್‌ಬುಕ್ಕನ್ನು ಮುಚ್ಚಿಟ್ಟು, ಬೆಳಿಗ್ಗೆ ಏನು ತಿಂದೆ, ಇಂಗ್ಲಿಷಿನಲ್ಲಿ ಹೇಳು ಎಂದೆ. ಬಹಳ ಹೊತ್ತು ಯೋಚಿಸಿ, ‘ಐ ಉಪ್ಪಿಟ್ಟು ಈಟ್’ ಎಂದಳು. ಕ್ರಿಯಾಪದವನ್ನು ಕೊನೆಗಿಡುವುದು ಕನ್ನಡದ ಜಾಯಮಾನ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬರಬೇಕು, ಭೂತಕಾಲದಲ್ಲಿ ರೂಪವೂ ಬದಲಾಗಬೇಕು. ಈ ಎರಡು ತಪ್ಪುಗಳನ್ನು ತಿದ್ದಲು ಐದು ನಿಮಿಷ ಸಾಕು. ಆದರೆ ತಿದ್ದಬೇಕಾದರೆ ಮಗು ಮೊದಲು ತಪ್ಪು ಮಾಡಬೇಕಲ್ಲ! ಬೋರ್ಡಿನಿಂದ ಇಳಿಸಿಕೊಂಡ ಉತ್ತರದಲ್ಲಿ ತಪ್ಪಿಗೆ ಎಡೆಯೇ ಇಲ್ಲ. ಅವಳ ನೋಟ್‌ಬುಕ್ ಅಷ್ಟು ನಿರ್ದುಷ್ಟವಾಗಿದ್ದುದಕ್ಕೆ ಇದೇ ಕಾರಣ.

ಶಿಕ್ಷಕರನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. ಈ ಹಂತದಲ್ಲಿ ಭಾಷೆಗಳಿಗೆ ಕನಿಷ್ಠ ಒಬ್ಬ ಶಿಕ್ಷಕ ಇರಬೇಕೆಂದಷ್ಟೇ ಕಾಯ್ದೆ ಹೇಳುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ ಮೂರೂ ಒಬ್ಬರ ಹೆಗಲಿಗೇ ಬಿದ್ದರೂ ಕಾಯ್ದೆಯ ಉಲ್ಲಂಘನೆಯಾಗದು. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದು 1963ರಿಂದಲೇ ಬೆಂಗಳೂರಿನಲ್ಲಿ ಪ್ರಾದೇಶಿಕ ಸಂಸ್ಥೆಯೊಂದಿದೆ. ಆದರೆ ತರಬೇತಿ ಮುಗಿಸಿ ಬಂದವರಿಗೆ ಎದುರಾಗುವುದು ಅದೇ ಪೋರ್ಷನ್, ಅದೇ ಪರೀಕ್ಷೆ.

ಗ್ರಾಮೀಣ ಭಾರತವನ್ನು ಕುರಿತ 2022ರ ‘ಅಸರ್’ ಸಮೀಕ್ಷೆಯಂತೆ ಸರಳ ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ಎಂಟನೇ ತರಗತಿಯಲ್ಲಿ ಶೇ 46.7ರಷ್ಟು ಮಕ್ಕಳು. 2016ರಲ್ಲಿ ಅದು ಶೇ 45.3 ಇತ್ತು. ನಡುವೆ ಕೋವಿಡ್ ಬಂದು ಹೋದದ್ದು ನಿಜ. ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಓದಲಾರದ ಸ್ಥಿತಿಗೆ ಕೋವಿಡ್ ಒಂದೇ ಕಾರಣವಾಗಲಾರದು. ಈ ಮಕ್ಕಳೇ ಮೂರು ವರ್ಷಗಳ ಬಳಿಕ ಪಿಯುಸಿಯಲ್ಲಿ ವಿಜ್ಞಾನದ ಆಸೆ ಹೊತ್ತು, ಇಂಗ್ಲಿಷಿನಲ್ಲಿರುವ ಭೌತಶಾಸ್ತ್ರದ ಎದುರು ಕಣ್ಣು ಕಣ್ಣು ಬಿಡುತ್ತಾರೆ. ಅದನ್ನು ಕಂಡ ಪೋಷಕರು ಕಿರಿಯ ಮಗನನ್ನು ಸಾಲ ಮಾಡಿಯಾದರೂ ಕಾನ್ವೆಂಟಿಗೆ ಸೇರಿಸುತ್ತಾರೆ. ಕನ್ನಡ ಶಾಲೆ ಮುಚ್ಚುತ್ತಿರುವುದಕ್ಕೆ ಮರುಗುವವರು ಈ ಪೀರಿಯಡ್‌ನತ್ತ ಒಮ್ಮೆ ನೋಡಬೇಕು.

ದೊಡ್ಡ ಯೋಜನೆಯೇನೂ ಬೇಡ. ಪಾಠಗಳನ್ನು ಮೂರರಲ್ಲೊಂದು ಪಾಲು ಕಡಿಮೆ ಮಾಡಿ, ಪ್ರಶ್ನೆಪತ್ರಿಕೆಯಲ್ಲಿ ಮಗು ಮೊದಲು ಕಂಡಿರದ ಒಂದು ಪುಟ್ಟ ಗದ್ಯಭಾಗ ಕೊಡಲಿ. ದಿನಕ್ಕೆ ಹತ್ತೇ ನಿಮಿಷ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ತಪ್ಪೋ ಒಪ್ಪೋ, ಮಾತಾಡಲು ಬಿಡಲಿ. ಒಬ್ಬೊಬ್ಬರಿಗೆ ದಿನಕ್ಕೆ ಐದು ನಿಮಿಷವೆಂದರೂ ಆ ಎರಡು ಗಂಟೆ ಹದಿನೆಂಟು ಗಂಟೆ ಆಗುತ್ತದೆ. ತರಗತಿಯಲ್ಲಿ ಗದ್ದಲ ಏಳುತ್ತದೆ, ನಿಜ. ಪಕ್ಕದ ಕೋಣೆಯಿಂದ ದೂರು ಬರುತ್ತದೆ, ಮುಖ್ಯೋಪಾಧ್ಯಾಯರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅದು ಇಂಗ್ಲಿಷ್ ಪೀರಿಯಡ್ ಎಂದು ಅವರಿಗೆ ಮೊದಲೇ ತಿಳಿಸಿಟ್ಟಿರುವ ಸುತ್ತೋಲೆಯೊಂದನ್ನು ಇಲಾಖೆ ಹೊರಡಿಸಿದರೆ ಸಾಕು.