ಕ್ರಿಪ್ಟೋ ನಾಣ್ಯ: ಸಮಾನತೆಯ ಭರವಸೆ, ಅಸಮಾನತೆಯ ಫಲ

ಬೀದರ ನಗರದಲ್ಲಿಯೂ ಭಾಲ್ಕಿ, ಔರಾದ ತಾಲ್ಲೂಕುಗಳ ಗ್ರಾಮಗಳಲ್ಲಿಯೂ ಮೊಬೈಲಿನ ಮೂಲಕ ‘ಕ್ರಿಪ್ಟೋ’ ಎಂಬ ಹೊಸ ಆಕರ್ಷಣೆ ಮನೆಮನೆಯ ಹೊಸ್ತಿಲನ್ನು ತಲುಪಿದೆ. ಯುವಕರು ಕೇಳುವ ಪ್ರಶ್ನೆ ಸರಳವಾದುದು: ಇದರಿಂದ ಬಡವನು ಮೇಲೇಳಬಲ್ಲನೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕದೆ ವಿವೇಚಿಸುವುದು ಅವಶ್ಯ.

2008ರ ಜಾಗತಿಕ ಆರ್ಥಿಕ ಕುಸಿತದ ಬೆನ್ನಿಗೇ, 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಚಲಾವಣೆಗೆ ಬಂದಿತು. ಬ್ಯಾಂಕಿನ ಹಂಗಿಲ್ಲ, ಸರಕಾರದ ಹಿಡಿತವಿಲ್ಲ, ಎಲ್ಲರೂ ಸಮಾನರು ಎಂಬುದು ಅದರ ಘೋಷಣೆ. ಆದರೆ ನಾಣ್ಯಗಳ ಒಟ್ಟು ಮಿತಿ 2.1 ಕೋಟಿ ಮಾತ್ರ. ಮೊದಲು ಬಂದವರು ಅಗ್ಗದಲ್ಲಿ ಕೂಡಿಟ್ಟರು. ತಡವಾಗಿ ಬಂದವರು ದುಬಾರಿ ಬೆಲೆ ತೆತ್ತರು. 2021ರ ಒಂದು ಅಧ್ಯಯನದ ಪ್ರಕಾರ ಚಲಾವಣೆಯಲ್ಲಿರುವ ನಾಣ್ಯಗಳ ಸುಮಾರು ಮೂರನೆಯ ಒಂದು ಭಾಗ ಕೇವಲ 10,000 ಹೂಡಿಕೆದಾರರ ವಶದಲ್ಲಿತ್ತು. ಹೊಲ ಬೆಳೆ ಕೊಡುತ್ತದೆ, ಮಗ್ಗ ಬಟ್ಟೆ ಕೊಡುತ್ತದೆ. ಈ ನಾಣ್ಯ ತಾನಾಗಿ ಏನನ್ನೂ ಉತ್ಪಾದಿಸುವುದಿಲ್ಲ. ಆದ್ದರಿಂದ ಒಬ್ಬನ ಲಾಭವು ಅವನ ಅನಂತರ ಬರುವವನ ಕಿಸೆಯಿಂದಲೇ ಬರಬೇಕು.

2021ರ ನವೆಂಬರಿನಲ್ಲಿ ಸುಮಾರು 69,000 ಡಾಲರ್ ತಲುಪಿದ್ದ ಬಿಟ್‌ಕಾಯಿನ್ ಬೆಲೆ ಒಂದೇ ವರ್ಷದಲ್ಲಿ 16,000 ಡಾಲರಿನ ಆಸುಪಾಸಿಗೆ ಕುಸಿಯಿತು. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ ಸಂಶೋಧಕರು 95 ದೇಶಗಳ ಮಾಹಿತಿಯನ್ನು ಪರಿಶೀಲಿಸಿ, ಸಣ್ಣ ಹೂಡಿಕೆದಾರರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬಿಟ್‌ಕಾಯಿನ್ನಿನಲ್ಲಿ ಹಣ ಕಳೆದುಕೊಂಡಿರಬಹುದೆಂದು ಅಂದಾಜಿಸಿದರು. ಬೆಲೆ ಬೀಳುವಾಗ ದೊಡ್ಡವರು ಮಾರುತ್ತಿದ್ದರು, ಸಣ್ಣವರು ಕೊಳ್ಳುತ್ತಿದ್ದರು ಎಂಬುದೂ ಅವರಿಗೆ ಕಂಡುಬಂದಿತು.

ನಮ್ಮ ದೇಶದಲ್ಲಿ ಇದು ಕಾನೂನುಬದ್ಧ ಚಲಾವಣೆಯ ಹಣವಲ್ಲ, ನಿಷಿದ್ಧವೂ ಅಲ್ಲ. ರಿಸರ್ವ್ ಬ್ಯಾಂಕಿನ 2018ರ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ರದ್ದುಗೊಳಿಸಿತು. 2022ರಿಂದ ಲಾಭದ ಮೇಲೆ ಶೇಕಡಾ 30ರಷ್ಟು ತೆರಿಗೆ ಇದೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶವಿಲ್ಲ. ಕೋಟ್ಯಧಿಪತಿಗೂ ಕೂಲಿಕಾರನಿಗೂ ದರ ಒಂದೇ. ತೆರಿಗೆ ವಿಧಿಸಿದ ಮಾತ್ರಕ್ಕೆ ಸುರಕ್ಷತೆ ದೊರೆಯಿತೆಂದು ಭಾವಿಸಲಾಗದು: 2024ರ ಜುಲೈನಲ್ಲಿ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳವಾದವು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಇಲ್ಲಿ ಅಂತಹ ಆಸರೆಯಿಲ್ಲ.

ನಮ್ಮ ನೆಲದ ಸ್ಥಿತಿಯನ್ನೂ ನೋಡಬೇಕು. 2002ರ ನಂಜುಂಡಪ್ಪ ಸಮಿತಿಯ ವರದಿಯು ಔರಾದ, ಭಾಲ್ಕಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ಸೋಯಾ, ತೊಗರಿ, ಉದ್ದು ಬೆಳೆಯುವ ರೈತನ ಕೈಗೆ ವರ್ಷಕ್ಕೊಂದೆರಡು ಬಾರಿ ಮಾತ್ರ ಹಣ ಬರುತ್ತದೆ. ಶ್ರೀಮಂತನಿಗೆ ಹೂಡಿಕೆಯ ಒಂದು ಅಂಶವಾದುದು ಇವನಿಗೆ ಮುಂದಿನ ಹಂಗಾಮಿನ ಬೀಜ, ಮಗಳ ಕಾಲೇಜು ಶುಲ್ಕ. ಅಪಾಯ ಒಂದೇ ಆದರೂ ಪೆಟ್ಟು ಒಂದೇ ಅಲ್ಲ. ಊರಲ್ಲಿ ದುಡಿಮೆಯಿಲ್ಲದ ಪದವೀಧರನು ಮೊಬೈಲಿನಲ್ಲಿ ಭಾಗ್ಯ ಹುಡುಕಿದರೆ ಅವನನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಉದ್ಯೋಗ ಮತ್ತು ಸುಲಭ ಸಾಲ ಒದಗಿಸಬೇಕಾದ ಹೊಣೆ ಸಮಾಜಕ್ಕೂ ಸರಕಾರಕ್ಕೂ ಇದೆ. ಇದೇ ಜಿಲ್ಲೆಯಲ್ಲಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನ ಆಶ್ರಯದಲ್ಲಿ ಬೆಳೆದ ಮಹಿಳಾ ಸ್ವಸಹಾಯ ಗುಂಪುಗಳು, ಸಣ್ಣ ಉಳಿತಾಯವೂ ಊರಿನ ಬಂಡವಾಳವಾಗಬಲ್ಲದೆಂದು ತೋರಿಸಿಕೊಟ್ಟಿವೆ.

ಕಲ್ಯಾಣದ ಬೀದಿಯಲ್ಲಿ ಅಕ್ಕಿ ಆಯುತ್ತಿದ್ದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಹಿಂತಿರುಗಿಸಿ ಬರುವಂತೆ ಹೇಳಿದ ಪ್ರಸಂಗ ಸದ್ಭಕ್ತರೆಲ್ಲರಿಗೂ ತಿಳಿದುದೇ. ಅದು ಬಡತನದ ವೈಭವೀಕರಣವಲ್ಲ. ದುಡಿಯದೆ ಬಂದುದರ ಹಿಂದೆ ಯಾರ ಪಾಲಿದೆ ಎಂದು ಕೇಳುವ ವಿವೇಕ. ಕ್ರಿಪ್ಟೋವಿಗೂ ಅದೇ ಪ್ರಶ್ನೆ ಸಲ್ಲುತ್ತದೆ.

ಆದಕಾರಣ ಸಾಲ ಮಾಡಿ, ಹೊಲ ಅಥವಾ ಬಂಗಾರ ಒತ್ತೆಯಿಟ್ಟು ಇದರಲ್ಲಿ ಹಣ ತೊಡಗಿಸಬೇಡಿ. ನಿಶ್ಚಿತ ಲಾಭದ ಮಾತಾಡುವವರನ್ನೂ, ಇನ್ನಿಬ್ಬರನ್ನು ಸೇರಿಸಿ ಎನ್ನುವವರನ್ನೂ ನಂಬಬೇಡಿ. ಮೋಸ ಹೋದವರು ನಾಚಿಕೆಯಿಂದ ಮೌನವಾಗಿರದೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಲಿ. ಮನೆಯ ಹಿರಿಯರು ಗದರಿಸದೆ ಮಕ್ಕಳೊಡನೆ ಕುಳಿತು ಲೆಕ್ಕ ಕೇಳಲಿ. ಮುಚ್ಚಿಟ್ಟ ನಷ್ಟವೇ ಸಂಸಾರವನ್ನು ಹೆಚ್ಚು ಕೆಡಿಸುತ್ತದೆ.