'ಇಲ್ಲ' ಅನ್ನೋಕೂ ಬಿಡುವಿಲ್ಲವೇ?

ಚಿಕ್ಕಪ್ಪನ ಮಗಳು ಅಮೆರಿಕದಲ್ಲಿ ಲಾ ಓದ್ತಿದಾಳೆ. ಅಲ್ಲಿ ಫೆಡರಲ್ ಜಡ್ಜುಗಳ ಹತ್ತಿರ ಒಂದೆರಡು ವರ್ಷ ಕ್ಲರ್ಕ್ ಆಗೋದು ಭಾರೀ ಮರ್ಯಾದೆಯ ಕೆಲಸ. (ನಮ್ಮ ತಾಲ್ಲೂಕು ಆಫೀಸಿನ ಗುಮಾಸ್ತರನ್ನ ನೆನೆಸ್ಕೋಬೇಡಿ! ಇವರು ಕಾನೂನು ಹುಡುಕಿ ತೀರ್ಪಿನ ಕರಡು ಬರೆಯೋರು.) 'ಆಸ್ಕರ್' ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ 30 ಜಡ್ಜುಗಳಿಗೆ ಅರ್ಜಿ ಹಾಕಿದಳು. ನಾಲ್ಕು ಕಡೆಯಿಂದ 'ಇಲ್ಲ' ಅಂತ ಮೇಲ್ ಬಂತು. ಒಬ್ಬರು ಸಹಿ ಹಾಕಿದ ಕಾಗದವನ್ನೇ ಕಳಿಸಿದ್ರು, ಅದನ್ನ ಎತ್ತಿಟ್ಕೊಂಡಿದಾಳೆ. ಸಂದರ್ಶನ ಮಾಡಿದ್ದ ಇನ್ನೊಬ್ಬರು ಮಾತ್ರ ಗಪ್‌ಚುಪ್. ಆ ಜಾಗ ಭರ್ತಿಯಾಗಿದ್ದು ಸಹಪಾಠಿಯೊಬ್ಬನಿಂದ ಗೊತ್ತಾಯ್ತು.

ಜಡ್ಜುಗಳಿಗೆ ಎಚ್.ಆರ್. ಇಲ್ಲ, ಅರ್ಜಿ ನೂರಾರು, ಚೇಂಬರಿನಲ್ಲಿರೋದು ಬೆರಳೆಣಿಕೆಯ ಜನ. ಒಪ್ತೀನಿ. ಆದ್ರೆ ವಿಳಾಸಗಳೆಲ್ಲ ಡೇಟಾಬೇಸಿನಲ್ಲೇ ಇವೆಯಲ್ಲ ಮಾರಾಯ್ರೆ! ಜಾಗ ಭರ್ತಿಯಾದ ದಿನ ಉಳಿದವರಿಗೆಲ್ಲ ಎರಡು ಸಾಲಿನ ಮೇಲ್ ಹೋಗೋ ಹಾಗೆ ಮಾಡೋಕೆ ನನ್ನಂಥ ಕೋಡು ಕುಟ್ಟೋನಿಗೆ ಅರ್ಧ ದಿನ ಸಾಕು.

ತಮಾಷೆ ನೋಡಿ, 1950ರ ಮುಲೇನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿದೆ: ವಿಳಾಸ ಗೊತ್ತಿರೋರಿಗೆ ಪೇಪರಿನಲ್ಲಿ ಪ್ರಕಟಣೆ ಕೊಟ್ರೆ ಸಾಲದು, ಅಂಚೆಯಲ್ಲಾದ್ರೂ ತಿಳಿಸ್ಬೇಕು ಅಂತ. ಅದು ಟ್ರಸ್ಟಿನ ದುಡ್ಡಿನ ವಿಷಯ, ಕೆಲಸ ಕೇಳೋರಿಗೆ ಅನ್ವಯಿಸಲ್ಲ, ಗೊತ್ತು. ಆದ್ರೂ...

ಸಂದರ್ಶನಕ್ಕೆ ಕರೆಸಿದವರಿಗೆ ಫೋನ್ ಮಾಡಿ ಹೇಳ್ಲಿ. ಮಿಕ್ಕವರಿಗೆ ಹೆಸರಷ್ಟೇ ಬದಲಾಯಿಸಿದ ಅದೇ ಮೇಲ್ ಆದ್ರೂ ಪರವಾಗಿಲ್ಲ, ಯಾರೂ ನೊಂದ್ಕೊಳಲ್ಲ. ಕಾಯೋದೇ ಕಷ್ಟ. ಶುಕ್ರವಾರದೊಳಗೆ ಅವಳು ಒಂದು ಲಾ ಫರ್ಮಿಗೆ ಉತ್ತರ ಕೊಡ್ಬೇಕು. 24 ಕಡೆಯಿಂದ ಇನ್ನೂ ಹೌದೂ ಇಲ್ಲ, ಇಲ್ಲವೂ ಇಲ್ಲ.